ಹತ್ತಿಗೆ ಕಸಿ ಕಟ್ಟಿದ ನೆಗೆಣ್ಣಿ

ಕೊಟ್ಟೂರಿನ ಒಂದು ಜಿನ್ನಿನಲ್ಲಿ ನಮ್ಮ ಮಾವನವರು ಅರಳೆ ನೋಡುವ ಕೆಲಸದಲ್ಲಿದ್ದರು. ಜಿನ್ನು ಅಂದರೆ ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆ. ಬೀಜ ಬಿಟ್ಟು ಬಂದ ಬೆಳ್ಳನೆಯ ಎಳೆಯೇ ಅರಳೆ. ಅದರಲ್ಲಿ ಒಂದು ಚಿಟಿಕೆ ಹಿಡಿದು, ಎರಡು ಹೆಬ್ಬೆರಳುಗಳ ನಡುವೆ ಎಳೆದು, ಮಡಿಸಿ, ಮತ್ತೆ ಎಳೆದು, ಎಳೆ ಎಷ್ಟುದ್ದ, ಎಷ್ಟು ಗಟ್ಟಿ, ಒಳಗೆ ಹಸಿ ಉಳಿದಿದೆಯೋ ಇಲ್ಲವೋ ಎಂದು ಅವರು ಹೇಳಬೇಕು. ಅವರು ಬಾಯಿ ಬಿಡುವ ತನಕ ಸಾಹುಕಾರರೂ ಬಾಯಿ ಬಿಡುತ್ತಿರಲಿಲ್ಲ.

ನಾನು ಇಟ್ಟಿಗಿಯಿಂದ ಆ ಮನೆಗೆ ಹಿರಿಸೊಸೆಯಾಗಿ ಬಂದ ಎರಡನೆಯ ವರ್ಷವೋ ಮೂರನೆಯ ವರ್ಷವೋ, ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು, ಮಾವನವರ ಕಣ್ಣಿಗೆ ಪೊರೆ ಬಂತು. ಕೈಯೂ ಸಣ್ಣಗೆ ನಡುಗತೊಡಗಿತು. ನಡುಗುವ ಕೈಗೆ ಅರಳೆ ಸುಳ್ಳು ಹೇಳುತ್ತದೆ. ಜಿನ್ನಿನಲ್ಲಿ ಇದನ್ನು ಅವರು ಯಾರಿಗೂ ಹೇಳಲಿಲ್ಲ. ಸಂಜೆ ಬರುವಾಗ ಅಂಗಿಯ ಜೇಬಿನಲ್ಲಿ ಎರಡು ಮೂರು ಕಾಗದದ ಪೊಟ್ಟಣ ತಂದು, ಪಡಸಾಲೆಯ ಕಂಬಕ್ಕೆ ಒರಗಿ ಕೂತು ನನ್ನನ್ನು ಕರೆಯುತ್ತಿದ್ದರು.

"ಅವ್ವಾ, ಬಾ ಇಲ್ಲೆ. ಇದನ್ನ ಹಿಡಿ. ಜಗ್ಗಬ್ಯಾಡ, ಜಗ್ಗಿದ್ರ ಎಂಥಾದೂ ಹರೀತೈತಿ. ಕಿವಿ ಹತ್ರ ತಗೋ. ಒಣಾ ಅರಳಿ ಹರಿಯೋ ಮುಂದ ಚಿಟಿಚಿಟಿ ಅಂತೈತಿ. ಹಸೇದು ಕಳ್ಳನಂಗ ಸುಮ್ಮನ ಬಿಡ್ತೈತಿ."

ಹಾಗೆ ಕಲಿತೆ. ಒಂದು ವರ್ಷ ತಪ್ಪು ಹೇಳಿದೆ, ಬೈಸಿಕೊಂಡೆ. ಆಮೇಲಾಮೇಲೆ ನಾನು ಎಳೆದು ಹೇಳಿದ್ದನ್ನೇ ಅವರು ಮರುದಿನ ಜಿನ್ನಿನಲ್ಲಿ ತಮ್ಮ ಮಾತಾಗಿ ಹೇಳಿ ಬರತೊಡಗಿದರು. ನಾನು ಒಂದು ಸಲ ಹೇಳಿದರೆ ಮುಗಿಯಿತು, ಮರುಪ್ರಶ್ನೆ ಇರಲಿಲ್ಲ. ಊರಿನ ಸಾಹುಕಾರರೆಲ್ಲ ನಂಬುವ ಮನುಷ್ಯ ನನ್ನ ಬೆರಳನ್ನು ನಂಬಿ ಕೂತಿದ್ದಾರೆ ಅನ್ನುವುದು ನನಗೆ ಎಂಥ ಹೆಮ್ಮೆ ಕೊಡುತ್ತಿತ್ತೆಂದರೆ, ಆ ಮನೆಯಲ್ಲಿ ಬೇರೇನೂ ನನ್ನದು ಅಂತ ಇರದಿದ್ದರೂ ನಡೆಯುತ್ತಿತ್ತು.

ಅತ್ತೆಗೆ ಮಾತ್ರ ಈ ಗುಟ್ಟು ಗೊತ್ತು. ಒಲೆಯ ಮುಂದಿನಿಂದಲೇ ಕೂಗುವರು: "ಮಾವ ಸೊಸಿ ಹತ್ತಿ ಹಿಂಜಾಕ ಕುಂತ್ರಂದ್ರ ರೊಟ್ಟಿ ಬಡಿಯಾಕ ಇನ್ನೊಬ್ಬಾಕಿ ಸೊಸೀನ ತರಬೇಕು ನೋಡ್ರಿ!"

ತಂದರು.

ಇನ್ನೊಬ್ಬ ಸೊಸೆ, ಅಂದರೆ ನನ್ನ ನೆಗೆಣ್ಣಿ, ಹರಪನಹಳ್ಳಿಯವಳು. ಮೈದುನ ಕೂಡ್ಲಿಗಿಯಲ್ಲಿ ಸರ್ಕಾರಿ ಕಚೇರಿಯ ಗುಮಾಸ್ತ. ಶನಿವಾರ ಬಂದು ಸೋಮವಾರದ ಮೊದಲ ಬಸ್ಸಿಗೆ ಹೋಗುವವನು. ಅವಳು ರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿ ಧಾರವಾಡದಲ್ಲಿ ಸಂಶೋಧನೆಗೆ ಸೇರಿದ್ದಳು. ಮದುವೆಯಾದ ಮೇಲೂ ಓದುವ ಸೊಸೆ ನಮ್ಮ ಓಣಿಗೇ ಮೊದಲನೆಯವಳು. ಕೆಲವು ವಾರ ಅಲ್ಲಿ, ಕೆಲವು ವಾರ ಇಲ್ಲಿ. ಅವಳಿಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ ಅನ್ನುವುದು ಮೊದಮೊದಲು ನನಗೆ ಬಹಳ ಸಮಾಧಾನ ಕೊಟ್ಟ ಸಂಗತಿ.

ನಾನೂ ಹೂವಿನಹಡಗಲಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವಳೇ. ವಿಜ್ಞಾನದಲ್ಲಿ ಒಳ್ಳೆಯ ಅಂಕ ಬಂದಿದ್ದವು. ಮುಂದೆ ಓದುತ್ತೇನೆ ಅಂದಾಗ ನಮ್ಮಪ್ಪ, "ಹಡಗಲಿಯಿಂದ ಮುಂದಕ್ಕ ಮಲ್ಲಿಗಿ ಹೋಗ್ತೈತವ್ವಾ, ಹೆಣ್ಮಕ್ಕಳು ಹೋಗಂಗಿಲ್ಲ" ಅಂದಿದ್ದ. ಎಲ್ಲರೂ ನಕ್ಕಿದ್ದರು, ನಾನೂ ನಕ್ಕಿದ್ದೆ. ನೆಗೆಣ್ಣಿ ಬಸ್ಸಿನಿಂದ ಟ್ರಂಕು ಇಳಿಸಿಕೊಂಡು ಬಂದ ದಿನ ಆ ಮಾತು ನೆನಪಾಗಿ ನಗು ಬರಲಿಲ್ಲ.

ಟ್ರಂಕು ತೆಗೆದರೆ ಸೀರೆಗಿಂತ ಬಿಳಿ ಬಟ್ಟೆಯ ಪಟ್ಟಿಗಳೇ ಜಾಸ್ತಿ. ಗೇಣುದ್ದದವು, ಒಂದೊಂದೂ ಒಂದೊಂದು ಕಾಗದದ ಲಕೋಟೆಯಲ್ಲಿ, ಮೇಲೆ ಅಂಕಿ ಬರೆದಿಟ್ಟಂಥವು.

"ಇದೇನವ್ವಾ ತವರಿಂದ ಗಾಯಕ್ಕ ಕಟ್ಟೋ ಬಟ್ಟಿ ತಂದೀಯಲ್ಲ?" ಅಂದರು ಅತ್ತೆ. "ಯಾರ ತಲಿ ಒಡೀಬೇಕಂತ ಮಾಡೀ?"

"ಅಯ್ಯೋ ಅತ್ತೇರೆ, ಇದು ನನ್ನ ಓದು. ಹತ್ತಿ ಮೇಲೇ ನನ್ನ ಕೆಲಸ ಐತೆ."

"ಐತೆ ಅಂತೆ! ಕೊಟ್ಟೂರಾಗ ಐತಿ ಅನ್ಬೇಕವ್ವಾ, ಇಲ್ಲಾಂದ್ರ ಅಂಗಡ್ಯಾಗ ಹುಣಸಿಹಣ್ಣೂ ಕೊಡಂಗಿಲ್ಲ."

ಹತ್ತಿ ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಮಾವನವರು ಕಂಬ ಬಿಟ್ಟು ನೆಟ್ಟಗೆ ಕೂತರು. ನನ್ನ ಹೊಟ್ಟೆಯುರಿ ಶುರುವಾದದ್ದು ಅವರು ಹಾಗೆ ಕೂತ ಗಳಿಗೆಯಿಂದ. ಅವರು ಅಷ್ಟು ನೆಟ್ಟಗೆ ಕೂರುತ್ತಿದ್ದದ್ದು ಅರಳೆಯ ಪೊಟ್ಟಣ ಬಿಚ್ಚುವಾಗ ಮಾತ್ರ.

"ಹತ್ತಿ ಮ್ಯಾಲೆ ಏನು ಮಾಡ್ತೀ ತಂಗಿ?"

ಅವಳು ಇಂಗ್ಲಿಷಿನಲ್ಲಿ ಓದಿದ್ದನ್ನು ಕನ್ನಡದಲ್ಲಿ ಹೇಳಲು ತಡಕಾಡಿದಳು. "ಗ್ರಾಫ್ಟಿಂಗ್ ಅಂತ ಮಾವಾರೆ... ಹೆಂಗೆ ಹೇಳೋದು... ಹತ್ತಿ ಎಳೆ ಮೇಲೆ ಇನ್ನೊಂದನ್ನ ಅಂಟ್ಸೋದು. ಅಂಟ್ಸೋದಲ್ಲ, ಬೆಳೆಸೋದು..."

"ಗಂಜಿ ಹಾಕಿದಂಗ?"

"ಅಲ್ಲಲ್ಲ. ಗಂಜಿ ತೊಳೆದ್ರೆ ಹೋಗ್ತೈತೆ. ಇದು ಹೋಗಲ್ಲ."

ನಾನು ಅಡುಗೆಮನೆಯ ಬಾಗಿಲಲ್ಲಿ, ಜೋಳದ ಹಿಟ್ಟಿನ ಕೈಯಲ್ಲಿ ನಿಂತು ಕೇಳುತ್ತಿದ್ದೆ. ಇಟ್ಟಿಗಿಯಲ್ಲಿ ನಮ್ಮಜ್ಜ ಬದುವಿನ ಕಾಡುಬಾರಿ ಗಿಡಕ್ಕೆ, ಅಂದರೆ ಕಾಡುಬೋರೆಗೆ, ಒಳ್ಳೆಯ ಬಾರಿಯ ಮೊಗ್ಗು ಕೂಡಿಸಿ, ಬಾಳೆನಾರು ಸುತ್ತಿ ಕಟ್ಟುತ್ತಿದ್ದ. "ಬೇರು ಕಾಡಿಂದು, ರುಚಿ ನಾಡಿಂದು" ಅನ್ನುತ್ತಿದ್ದ. ಅಜ್ಜನ ಬಾಯಲ್ಲಿ ಕಲಿತ ಮಾತು ನನ್ನ ಬಾಯಿಂದ ತಾನಾಗಿ ಬಂತು.

"ಕಸಿ ಕಟ್ಟೋದು ಅನ್ನವ್ವಾ."

"ಹ್ಞಾಂ! ಅದೇ ಅಕ್ಕಾ, ಕಸಿ!" ಎಂದು ನೆಗೆಣ್ಣಿ ಕೈ ತಟ್ಟಿದಳು. ಆ ಮಾತು ಸಿಕ್ಕ ಮೇಲೆ ಅವಳ ನಾಲಿಗೆಗೆ ಕಾಲು ಬಂದವು. ಅರಳೆಯ ಒಂದೊಂದು ಎಳೆಯೂ ಸಕ್ಕರೆಯಂಥ ಕಣಗಳನ್ನು ಸರದ ಹಾಗೆ ಪೋಣಿಸಿದ್ದಂತೆ. ಕಿತ್ತಳೆ ಬಣ್ಣದ ಒಂದು ಉಪ್ಪು ಇದೆಯಂತೆ; ಅದರ ನೀರಲ್ಲಿ ಹತ್ತಿಯನ್ನು ಅದ್ದಿದರೆ ಆ ಸರದ ಮೇಲೆ ಅಲ್ಲಲ್ಲಿ ಗಾಯವಾಗುತ್ತದೆ, ಅಜ್ಜ ಚಾಕುವಿನಿಂದ ತೊಗಟೆ ಸೀಳಿದ ಹಾಗೆ. ಆಮೇಲೆ ಇನ್ನೊಂದು ದ್ರವ ಬಿಟ್ಟರೆ, ಅದರ ಸಣ್ಣ ಕಣಗಳು ಗಾಯದ ಜಾಗಕ್ಕೆ ಬಂದು ಕೂತು, ಒಂದರ ಬಾಲ ಒಂದು ಹಿಡಿದು ಉದ್ದಕ್ಕೆ ಬೆಳೆಯುತ್ತವೆ. ಅದಕ್ಕೆ ಪಾಲಿಮರ್ ಅನ್ನುತ್ತಾರೆ. ಹತ್ತಿ ಒಳಗೆ ಹತ್ತಿಯಾಗಿಯೇ ಇರುತ್ತದೆ, ಮೈಯಿಂದ ಮಾತ್ರ ಹೊಸ ಚಿಗುರು. ದ್ರವದಲ್ಲಿ ಸುಮ್ಮನೆ ಬೆಳೆದು ಮೆತ್ತಿಕೊಂಡದ್ದೂ ಇರುತ್ತದಲ್ಲ, ಅದನ್ನು ಮತ್ತೊಂದು ಮದ್ದಿನಲ್ಲಿ ತೊಳೆದು ತೆಗೆದು, ಪಟ್ಟಿಯನ್ನು ಒಣಗಿಸಿ ತೂಗುತ್ತಾರೆ. ಮೊದಲಿಗಿಂತ ಎಷ್ಟು ಭಾರವೋ ಅಷ್ಟು ಕಸಿ ಹತ್ತಿದೆ ಅಂತ ಲೆಕ್ಕ.

"ಅಂದ್ರ ಅಂಟಿದ್ದು ಬ್ಯಾರೆ, ಕಸಿಯಾದದ್ದು ಬ್ಯಾರೆ" ಎಂದರು ಮಾವನವರು.

"ಸೊಸ್ತ್ಯಾರ ಹಂಗ ಅನ್ರಿ," ಎಂದರು ಅತ್ತೆ. "ಎರಡು ಸಲ ಒಗದ್ರ ಗೊತ್ತಾಗ್ತೈತಿ, ಯಾಕಿ ಅಂಟಿಕೊಂಡಾಳ, ಯಾಕಿ ಕಸಿ ಆಗ್ಯಾಳ ಅಂತ."

ಎಲ್ಲರೂ ನಕ್ಕರು. ಮಾವನವರು ನಗುತ್ತಲೇ ನೆಗೆಣ್ಣಿಯ ಕಡೆ ತಿರುಗಿ, "ಹತ್ತಿಗೆ ಕಸಿ! ಎಂಥಾ ಮಾತು ಹೇಳಿದಿ ತಂಗಿ!" ಎಂದರು.

ಮಾತು ಕೊಟ್ಟವಳು ನಾನು, ಶಹಬ್ಬಾಸ್ ತಗೊಂಡವಳು ಅವಳು. ಕನ್ನಡದಲ್ಲಿ ಗಿಡಕ್ಕೆ ಕಟ್ಟುವುದೂ ಕಸಿ, ಇನ್ನೊಬ್ಬರ ಕೈಯಿಂದ ಕಿತ್ತುಕೊಳ್ಳುವುದೂ ಕಸಿ. ಅವಳು ಒಂದನ್ನು ಓದಿಕೊಂಡು ಬಂದಿದ್ದಳು, ಇನ್ನೊಂದು ಏನೆಂದು ನನಗೆ ಅವತ್ತು ತಿಳಿಯಿತು. ಒಳಗೆ ಹೋಗಿ ರೊಟ್ಟಿ ಬಡಿದೆ. ಆ ದಿನದ ರೊಟ್ಟಿ ಎಂದಿಗಿಂತ ತೆಳ್ಳಗೆ ಬಂದವಂತೆ. ಸಿಟ್ಟು ರೊಟ್ಟಿಗೆ ಒಳ್ಳೆಯದು.

ಅಷ್ಟಕ್ಕೇ ನಿಂತಿದ್ದರೆ ಮರೆಯುತ್ತಿದ್ದೆನೇನೋ. ಒಂದು ಸಂಜೆ ಮಾವನವರು ಕರೆದಾಗ ನಾನು ಹಿತ್ತಲಲ್ಲಿ ಎಮ್ಮೆಯ ಹತ್ತಿರ ಇದ್ದೆ. ಕೈ ತೊಳೆದು ಬರುವುದರೊಳಗೆ ನೆಗೆಣ್ಣಿ ನನ್ನ ಜಾಗದಲ್ಲಿ ಕೂತು, ಕರಿ ಬಟ್ಟೆಯೊಂದನ್ನು ಹಾಸಿ, ಅರಳೆಯನ್ನು ಸಣ್ಣ ಬಾಚಣಿಗೆಯಿಂದ ಬಾಚಿ, ಎಳೆಗಳನ್ನು ಸಾಲಾಗಿ ಮಲಗಿಸುತ್ತಿದ್ದಳು. ಪಕ್ಕದಲ್ಲಿ ಉಕ್ಕಿನ ಅಳತೆಪಟ್ಟಿ. ನಾನು ಹಾಲು ಕಾಯಿಸಿ ಹೆಪ್ಪು ಹಾಕಿ ಬಂದರೂ ಅವಳ ಅಳತೆ ಮುಗಿದಿರಲಿಲ್ಲ.

"ಇಪ್ಪತ್ತಾರು ಮಿಲಿಮೀಟರ್ ಮಾವಾರೆ," ಅಂದಳು ಕೊನೆಗೆ.

ಮಾವನವರಿಗೆ ಮಿಲಿಮೀಟರ್ ಗೊತ್ತಿಲ್ಲ. ಅದೇ ಪೊಟ್ಟಣದ ಇನ್ನೊಂದು ಚಿಟಿಕೆ ನನ್ನ ಕೈಗೆ ಕೊಟ್ಟರು. ನಿಂತಲ್ಲೇ ಎರಡು ಸಲ ಎಳೆದೆ. "ಒಂದಿಂಚಿಗೆ ಒಂದು ಕೂದಲೆಳಿ ಹೆಚ್ಚು ಐತ್ರಿ."

ನೆಗೆಣ್ಣಿ ಪಟ್ಟಿಯನ್ನು ತಿರುಗಿಸಿ ಇಂಚಿನ ಕಡೆ ನೋಡಿ ಕಣ್ಣರಳಿಸಿದಳು. "ಅಕ್ಕಾ! ಸರಿಯಾಗಿ ಅಷ್ಟೇ ಐತಲ್ರಿ!"

ಮಾವನವರಿಗೆ ಬಹಳ ಖುಷಿಯಾಯಿತು. ನನಗೂ ಖುಷಿಯಾಗಬೇಕಿತ್ತು. ಆದರೆ ಅವರು ಹೇಳಿದ್ದು ಇದು: "ನೋಡವ್ವಾ, ನೀ ಹೇಳಿದ್ದು ಅಳತಿಪಟ್ಟಿಗೆ ತಾಳೆ ಬಿತ್ತು. ಇನ್ನ ಚಿಂತಿಲ್ಲ."

ಅಂದರೆ ಇಷ್ಟು ದಿನ ಚಿಂತೆ ಇತ್ತೇ? ಸಾಕ್ಷಿಯೇ ಬೇಡವಾಗಿದ್ದ ನನ್ನ ಬೆರಳಿಗೆ ಅವತ್ತಿನಿಂದ ಒಂದು ಉಕ್ಕಿನ ಸಾಕ್ಷಿ ಹುಟ್ಟಿಕೊಂಡಿತು.

ಬೇಸಿಗೆಯ ಮುಂಚೆ ಅವಳ ಓದಿನ ದೊಡ್ಡ ಪರೀಕ್ಷೆಯೊಂದು ಬಂತು. ಕಸಿ ಕಟ್ಟಿದ ಹತ್ತಿ ಮಣ್ಣಿನಲ್ಲಿ ಕೊಳೆಯುವುದಿಲ್ಲ ಎಂದು ಅವಳು ತೋರಿಸಬೇಕಾಗಿತ್ತು. ಬರಿಯ ಹತ್ತಿಯನ್ನು ಹಸಿ ಮಣ್ಣಿನಲ್ಲಿಟ್ಟರೆ ಕಣ್ಣಿಗೆ ಕಾಣದ ಹುಳಗಳು ತಿಂದು ಮುಗಿಸುತ್ತವೆ, ಕಸಿಯಾದದ್ದನ್ನು ಅವು ಮುಟ್ಟಲಾರವು ಅನ್ನುವುದು ಅವಳ ವಾದ. ಅದನ್ನು ಅವಳು ಧಾರವಾಡದಲ್ಲೇ ಮಾಡಬಹುದಿತ್ತು. ಮಾವನವರು ಬಿಡಬೇಕಲ್ಲ!

"ಎರಿಮಣ್ಣಾಗ ಹೂಳು ತಂಗಿ. ಎರಿ ಬಿಡಂಗಿಲ್ಲ, ಏನಿಟ್ರೂ ತಿಂತೈತಿ. ಅದರಾಗ ಉಳಿದ್ರ ನಿನ್ನ ಕಸಿ ಖರೆ."

ಅವಳ ಗೈಡು ಒಪ್ಪಿದರು. ಹಗರಿಬೊಮ್ಮನಹಳ್ಳಿ ಸಂತೆಯಿಂದ ಎರಡು ಮಣ್ಣಿನ ಕುಂಡ ಬಂದವು. ಎರೆಮಣ್ಣು ಎಲ್ಲಿಂದ? ನನ್ನ ತವರಿನಿಂದ! ಮಾವನವರ ಮಾತಿನಂತೆ ನಾನೇ ಕಾಗದ ಬರೆದೆ, ನಮ್ಮಣ್ಣ ಇಟ್ಟಿಗಿಯ ಹೊಲದ ಕರಿಮಣ್ಣನ್ನು ಚೀಲದಲ್ಲಿ ತುಂಬಿ ಬಸ್ಸಿನ ಮೇಲೆ ಹಾಕಿ ಕಳಿಸಿದ. ನನ್ನ ಮಾತೂ ಅವಳಿಗೆ, ನನ್ನ ಮಣ್ಣೂ ಅವಳಿಗೆ. ಹಿತ್ತಲ ನಿಂಬೆಗಿಡದ ಪಕ್ಕ ಕುಂಡಗಳನ್ನಿಟ್ಟು, ಬರಿಯ ಹತ್ತಿಯ ಪಟ್ಟಿಗಳಿಗೆ ಕೆಂಪು ದಾರ, ಕಸಿಯಾದವಕ್ಕೆ ಹಸಿರು ದಾರ ಕಟ್ಟಿ ಅವಳು ಹೂಳಿದಳು. ಇನ್ನು ಒಂದೂವರೆ ತಿಂಗಳು ಅವಳು ಧಾರವಾಡದಲ್ಲಿರಬೇಕಾಗಿತ್ತು.

"ಎರಡು ದಿನಕ್ಕೊಂದು ತಂಬಿಗೆ ನೀರು ಅಕ್ಕಾ. ಮಣ್ಣು ಹಸಿ ಇರ್ಬೇಕು, ಕೆಸರಾಗ್ಬಾರ್ದು. ನೀವು ನೋಡ್ಕೊಂಡ್ರೆ ನನಗೆ ಚಿಂತೆ ಇಲ್ಲ."

"ಆತವ್ವಾ," ಅಂದೆ. ಮಾಡಬೇಕೆಂದೇ ಅಂದದ್ದು, ಸುಳ್ಳಲ್ಲ. ಮೊದಲ ದಿನ ಹಾಕಿದೆ ಕೂಡ.

ಅದರ ಮರುದಿನ ಸಂಜೆ ಮಾವನವರು ಪೊಟ್ಟಣ ಬಿಚ್ಚಿದರು. ನಾನು ಎಳೆದು ಹೇಳಿದೆ. ಅವರು ತಲೆಯಾಡಿಸಿ, ಉಳಿದ ಅರಳೆಯನ್ನು ಮತ್ತೆ ಕಾಗದದಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟರು. "ಇದನ್ನ ತೆಗೆದಿಡವ್ವಾ. ತಂಗಿ ಬಂದ ಮ್ಯಾಲೆ ಪಟ್ಟಿ ಹಿಡಿದು ನೋಡೋಣು."

ಪ್ರತಿ ಸಂಜೆಯೂ ಹಾಗೇ. ನಾನು ಹೇಳಿದ ಮಾತುಗಳೆಲ್ಲ ಗೂಡಿನಲ್ಲಿ ಪೊಟ್ಟಣವಾಗಿ ಸಾಲುಗಟ್ಟಿ, ಅವಳು ಬಂದು ಅಳೆಯುವುದನ್ನು ಕಾಯುತ್ತ ಕೂತವು. ನಾಲ್ಕನೆಯ ಪೊಟ್ಟಣವನ್ನು ಗೂಡಿಗೆ ಸೇರಿಸಿದ ದಿನ ತಂಬಿಗೆ ತಗೊಂಡು ಹಿತ್ತಲಿಗೆ ಹೋದೆ. ಕುಂಡದ ಮುಂದೆ ನಿಂತೆ. ಬಗ್ಗಿ, ನೀರನ್ನು ನಿಂಬೆಗಿಡದ ಬುಡಕ್ಕೆ ಸುರಿದೆ.

ಒಣ ಎರೆ ಏನನ್ನೂ ಕೊಳೆಸುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಇಟ್ಟಿಗಿಯಲ್ಲಿ ನಮ್ಮ ಜೋಳವೆಲ್ಲ ಇರುತ್ತಿದ್ದದ್ದು ನೆಲದೊಳಗಿನ ಹಗೇವಿನಲ್ಲಿ. ನೀರು ಹೋಗದಿದ್ದರೆ ವರ್ಷಗಟ್ಟಲೆ ಕಾಳು ಹಾಗೆ ಹಾಗೇ ಇರುತ್ತದೆ. ನೆಗೆಣ್ಣಿಯ ಪುಸ್ತಕದಲ್ಲಿ ಅದು ಬರೆದಿತ್ತೋ ಇಲ್ಲವೋ, ನಾನು ಅದರ ಮೇಲೆ ಆಡಿ ಬೆಳೆದವಳು.

ಮಾವನವರಿಗೆ ದೂರದ್ದು ಕಾಣುತ್ತಿರಲಿಲ್ಲ, ನೀರಿನ ಸಪ್ಪಳ ಕೇಳುತ್ತಿತ್ತು. ಒಳಗಿನಿಂದಲೇ ಕೇಳಿದರು: "ನೀರು ಹಾಕಿದೇನವ್ವಾ?"

"ಹಾಕಿದ್ನಿರಿ."

ಯಾವುದಕ್ಕೆ ಎಂದು ಅವರು ಕೇಳಲಿಲ್ಲ. ಒಂದೂವರೆ ತಿಂಗಳು ಹೀಗೇ ನಡೆಯಿತು. ಕೊಟ್ಟೂರಿನ ಬಿಸಿಲಿಗೆ ಕುಂಡದ ಮಣ್ಣು ಬಿರಿದು ಅಂಚು ಬಿಟ್ಟಿತು. ಅಗೆಯುವ ಹಿಂದಿನ ದಿನ ಅದರ ಮೇಲೆ ಬೊಗಸೆ ನೀರು ಚಿಮುಕಿಸಿ ಬಿರುಕು ಮುಚ್ಚಿದೆ. ಅದನ್ನು ಹೇಳಲು ಈಗಲೂ ನಾಚಿಕೆ.

ನೆಗೆಣ್ಣಿ ಬಂದ ಭಾನುವಾರ ಬೆಳಿಗ್ಗೆ ಕುರುಪಿ ಹಿಡಿದು ಕುಂಡದ ಮುಂದೆ ಕೂತಳು. ಮಾವನವರು ಬೆತ್ತದ ಮೋಡಾ ಹಾಕಿಸಿಕೊಂಡು ಪಕ್ಕದಲ್ಲೇ ಕೂತರು. ಅತ್ತೆ ಜೋಳ ಹಸನು ಮಾಡುತ್ತ ಬಾಗಿಲಲ್ಲಿ. ಮೊದಲು ಹಸಿರು ದಾರದ್ದು ಬಂತು. ಇಡಿಯಾಗಿತ್ತು. ಅವಳ ಮುಖ ಅರಳಿತು. ಆಮೇಲೆ ಕೆಂಪು ದಾರದ್ದು ಬಂತು. ಅದೂ ಇಡಿ. ಕೊಡವಿದರೆ ಬೆಳ್ಳಗೆ, ಅಂಗಡಿಯಿಂದ ತಂದ ಹಾಗೆ. ಇನ್ನೊಂದು ಕೆಂಪು, ಇನ್ನೊಂದು. ಎರಡನೆಯ ಕುಂಡದಲ್ಲೂ ಅದೇ.

"ಏನೂ ಆಗಿಲ್ಲ," ಅಂದಳು ಸಣ್ಣ ದನಿಯಲ್ಲಿ. "ಎರಡೂ ಒಂದೇ ತರ ಐತೆ. ಹಂಗಾದ್ರೆ ಕಸಿಯಿಂದ ಏನೂ ಉಪಯೋಗ ಇಲ್ಲ ಅಂತ..."

ಒಂದು ಉಸಿರಿನಷ್ಟು ಹೊತ್ತು ನನಗೆ ಹಾಯೆನಿಸಿತು. ಮಾವನವರ ಮುಂದೆಯೇ ಅವಳ ಓದು ಮಣ್ಣು ಪಾಲಾಗಿತ್ತು.

"ಕುಂಡ ಇಲ್ಲೆ ತಾ," ಎಂದರು ಮಾವನವರು. ಅಗೆದ ಕುಳಿಯೊಳಗೆ ಮೊಣಕೈತನಕ ಕೈ ಇಳಿಸಿ, ತಳದಿಂದ ಒಂದು ಹೆಂಟೆ ತೆಗೆದರು. ಎರಡು ಹೆಬ್ಬೆರಳ ನಡುವೆ ಒತ್ತಿದರು. ಕಿವಿಯ ಹತ್ತಿರ ಹಿಡಿದು ಪುಡಿ ಮಾಡಿದರು. ಆ ಮಣ್ಣು ಪುಡಿಯಾಗುವ ಸಪ್ಪಳ ನನಗೂ ಕೇಳಿಸಿತು. ಅವರು ನನ್ನ ಕಡೆ ಮುಖ ತಿರುಗಿಸಿದರು. ಪೊರೆ ಬಂದ ಕಣ್ಣು ನನ್ನನ್ನು ನೋಡಲಾರದು ಎಂದು ಗೊತ್ತಿದ್ದೂ ನಾನು ನೆಲ ನೋಡಿದೆ.

"ತಂಗಿ, ಕುಂಡದ ತೂತು ದೊಡ್ಡದೈತಿ," ಎಂದರು ನೆಗೆಣ್ಣಿಗೆ. "ಹಾಕಿದ ನೀರು ನಿಂತಿಲ್ಲ. ಎದಿಗುಂದಬ್ಯಾಡ, ಮತ್ತೊಮ್ಮಿ ಹೂಳು."

ನನ್ನನ್ನು ಕಾಪಾಡಿದರು ಅಂದುಕೊಂಡೆ. ಸಂಜೆ ಎಂದಿನಂತೆ ಕರೆದರು. ಪೊಟ್ಟಣ ಬಿಚ್ಚಿದರು. ನಾನು ಎಳೆದೆ, ಮಡಿಸಿದೆ, ಮತ್ತೆ ಎಳೆದೆ. "ಮುಕ್ಕಾಲಿಂಚು. ಸ್ವಲ್ಪ ಹಸಿ ಐತ್ರಿ."

ಅವರು ಮುಂದಿನ ಪೊಟ್ಟಣವನ್ನು ಬದಿಗಿಟ್ಟರು. ಆಮೇಲೆ ಕೇಳಿದರು:

"ಖರೇನಾ?"

ಅಷ್ಟೇ. ಸಿಟ್ಟಿಲ್ಲ, ಕುಹಕವಿಲ್ಲ. ತಿಳಿಯಬೇಕಾಗಿತ್ತು, ಕೇಳಿದರು. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಕೇಳದ ಪ್ರಶ್ನೆ. "ಖರೇರಿ" ಅಂದೆ. ಮರುದಿನವೂ ಕೇಳಿದರು. ಅದರ ಮರುದಿನವೂ. ನೆಗೆಣ್ಣಿಯ ಅಳತೆಪಟ್ಟಿಗೆ ಅವರು ಯಾವತ್ತೂ ಖರೇನಾ ಅಂತ ಕೇಳಿರಲಿಲ್ಲ. ನನ್ನ ಆಸ್ತಿಯನ್ನು ಅವಳು ಕಸಿದುಕೊಳ್ಳುತ್ತಾಳೆಂದು ಹೆದರಿ ನಾನೇ ಅದನ್ನು ನಿಂಬೆಗಿಡದ ಬುಡಕ್ಕೆ ಸುರಿದಿದ್ದೆ.

ಮೂರನೆಯ ದಿನ ತಡೆಯಲಾಗದೆ ನೆಗೆಣ್ಣಿಯ ಹತ್ತಿರ ಹೋದೆ. ಹಿತ್ತಲಲ್ಲಿ ಹೊಸ ಪಟ್ಟಿಗಳಿಗೆ ದಾರ ಕಟ್ಟುತ್ತ ಕೂತಿದ್ದಳು.

"ಕುಂಡದ ತೂತಿಂದು ತಪ್ಪಲ್ಲವ್ವಾ. ನಾ ನೀರು ಹಾಕಿಲ್ಲ."

ಅವಳು ತಲೆ ಎತ್ತಲಿಲ್ಲ. "ಗೊತ್ತು ಅಕ್ಕಾ. ಊರೆಲ್ಲ ಒಣಗಿರೋವಾಗ ಈ ನಿಂಬೆಗಿಡ ಒಂದೇ ಬಾಣಂತಿ ತರ ಮೈ ತುಂಬ್ಕೊಂಡೈತೆ. ನನಗೆ ಅಷ್ಟೂ ಗೊತ್ತಾಗಲ್ವಾ?"

"ಮತ್ತ ಯಾಕ ಸುಮ್ಮನಿದ್ದಿ?"

"ನೀವೇ ಹೇಳ್ಲಿ ಅಂತ." ಈಗ ತಲೆ ಎತ್ತಿದಳು. ಕಣ್ಣು ಕೆಂಪಾಗಿದ್ದವು. "ಸಿಟ್ಟಿದ್ರೆ ನನ್ನ ಬೈಬೇಕಿತ್ತು ಅಕ್ಕಾ. ಬಟ್ಟೆ ನಿಮಗೇನು ಮಾಡಿತ್ತು? ಒಂದೊಂದು ಪಟ್ಟಿಗೆ ಒಂದೊಂದು ದಿನ ನಿಂತು ಕೆಲಸ ಮಾಡೀನಿ."

"ಸಿಟ್ಟಲ್ಲ. ಹೊಟ್ಟಿಕಿಚ್ಚು."

"ನನ್ನ ಮೇಲಾ? ರೊಟ್ಟಿ ಬಡಿಯೋಕೂ ಬರದವಳ ಮೇಲಾ?"

ನಗಿಸಲು ಅಂದದ್ದಲ್ಲ, ಆದರೂ ನಗು ಬರುವಂತಿತ್ತು. ಇಬ್ಬರೂ ನಗಲಿಲ್ಲ. "ಮಾವಾರು ನನ್ನ ಬೆರಳನ್ನ ನಿನ್ನ ಅಳತಿಪಟ್ಟಿಗೆ ಹಿಡದ್ರು," ಅಂದೆ. ಅವಳಿಗೆ ಅರ್ಥವಾಯಿತೋ ಇಲ್ಲವೋ. ಕ್ಷಮಿಸಿದೆ ಅನ್ನಲಿಲ್ಲ. ಎದ್ದು ಹೋಗಿ ಮಾವನವರ ಮುಂದೆ ನಿಂತು, ಈ ಸಲ ನೀರು ಹಾಕುವ ಕೆಲಸ ಅತ್ತೆಗೆ ಕೊಡುತ್ತೇನೆ ಎಂದಳು.

"ಅಯ್ ನಮ್ಮವ್ವಾ, ನನ್ನ ಸೊಂಟ ಬಗ್ಗಂಗಿಲ್ಲ," ಎಂದರು ಅತ್ತೆ.

ಮಾವನವರು ಅಂದರು: "ನಿನ್ನ ಅಕ್ಕನೇ ಹಾಕಲಿ ತಂಗಿ. ಜಿನ್ನಿನಾಗ ಅರಳಿ ತಪ್ಪು ನೋಡಿದಂವನ ಕೈಯಾಗ ಅದೇ ಅರಳಿ ಮತ್ತ ಕೊಡ್ತೀವಿ. ಬ್ಯಾರೇದಂವಗ ಕೊಟ್ರ ಇಂವ ಯಾವತ್ತಿಗೂ ಕಲಿಯಂಗಿಲ್ಲ."

ನನ್ನ ಕಡೆ ತಿರುಗಲಿಲ್ಲ. ತಿರುಗಿದ್ದರೆ ಅಳುತ್ತಿದ್ದೆ.

ಎರಡನೆಯ ಸಲ ನೀರು ಹಾಕಿದೆ. ತಪ್ಪದೆ, ಅಳೆದು, ಕೆಸರಾಗದಂತೆ, ಬೆರಳಿನಿಂದ ತಳದ ಹಸಿ ನೋಡಿ ನೋಡಿ ಹಾಕಿದೆ. ಮನಸ್ಸು ತಿಳಿಯಾಗಿತ್ತೇ ಅಂದರೆ, ಇಲ್ಲ. ಒಂದೊಂದು ತಂಬಿಗೆ ಬಗ್ಗಿಸುವಾಗಲೂ, ಇದು ಅವಳ ಡಿಗ್ರಿಗೆ ನಾನು ಹಾಕುತ್ತಿರುವ ನೀರು ಅನಿಸುತ್ತಿತ್ತು. ಹೊಟ್ಟೆ ಉರಿಯುತ್ತಲೇ ಇತ್ತು, ಕೈ ತನ್ನ ಕೆಲಸ ಮಾಡುತ್ತಲೇ ಇತ್ತು. ಅತ್ತ ಸಂಜೆ ಸಂಜೆಗೂ "ಖರೇನಾ?" ನಡೆದೇ ಇತ್ತು. "ಖರೇರಿ" ಎಂದು ಹೇಳಿ ಹೇಳಿ ಆ ಮಾತಿನ ರುಚಿಯೇ ನನಗೆ ಹೋಗಿತ್ತು.

ಮುಂಗಾರಿನ ಮೊದಲ ಮೋಡಗಳು ಬರುವ ಹೊತ್ತಿಗೆ ಮತ್ತೆ ಅಗೆದಳು. ಈ ಸಲ ಕುರುಪಿ ಹಾಕಿದ ಕೂಡಲೇ ಹಸಿ ಎರೆಯ ವಾಸನೆ ಹಿತ್ತಲೆಲ್ಲ ಹರಡಿತು. ಕೆಂಪು ದಾರ ಸಿಕ್ಕಿತು, ಬಟ್ಟೆ ಸಿಗಲಿಲ್ಲ. ನೀರಲ್ಲಿ ನೆನೆದ ಹಪ್ಪಳದ ಹಾಗೆ ಚೂರು ಚೂರು, ಎತ್ತಿದರೆ ಮಣ್ಣೋ ಹತ್ತಿಯೋ ತಿಳಿಯದು. ಹಸಿರು ದಾರದವು ಮಾತ್ರ ಕಂದು ಬಣ್ಣ ಹತ್ತಿಸಿಕೊಂಡು, ಗೇಣಿಗೆ ಗೇಣುದ್ದ ಇಡಿಯಾಗಿ ಬಂದವು. ನೆಗೆಣ್ಣಿ ತುಟಿ ಕಚ್ಚಿಕೊಂಡು ಒಂದೊಂದನ್ನೇ ನೀರಲ್ಲಿ ಅಲುಗಿಸಿ ಕಲ್ಲಿನ ಮೇಲೆ ಹಾಸಿದಳು. ಧಾರವಾಡದಲ್ಲಿ ಯಂತ್ರಕ್ಕೆ ಕೊಟ್ಟು ಗಟ್ಟಿತನ ಅಳೆಯಬೇಕು, ಆಮೇಲೇ ಹೇಳಲು ಬರುವುದು ಎಂದಳು.

"ಯಂತ್ರ ಆಮ್ಯಾಲೆ," ಎಂದರು ಮಾವನವರು. ಅಂಗೈ ಚಾಚಿ ಒಂದು ಪಟ್ಟಿ ಇಸಿದುಕೊಂಡು, ನನ್ನ ಕಡೆ ಹಿಡಿದರು. "ಅವ್ವಾ, ನಿನ್ನ ಬೆರಳು ಏನಂತಾವ?"

ಎಳೆದೆ. ಅಡ್ಡಕ್ಕೆ ಎಳೆದೆ, ಉದ್ದಕ್ಕೆ ಎಳೆದೆ. ತುದಿಯಿಂದ ನಾಲ್ಕು ನೂಲು ಬಿಡಿಸಿ ಒಂದೊಂದನ್ನೇ ತುಂಡರಿಸಿದೆ. ಗಟ್ಟಿಯಾಗಿತ್ತು. ಅದರ ಜೊತೆಗೆ ಬೆರಳಿಗೆ ಇನ್ನೊಂದು ಸಂಗತಿಯೂ ಹತ್ತಿತು. ಎಳೆ ಬಿರುಸಾಗಿತ್ತು. ಹತ್ತಿಯ ಮೆದುವು ಹೋಗಿ, ತೆಂಗಿನ ನಾರಿನ ದೂರದ ತಂಗಿಯ ಹಾಗಿತ್ತು. ಬಾಯಿಗೆ ಮೊದಲು ಬಂದದ್ದು ಅದೇ. ಅದೊಂದನ್ನೇ ಹೇಳಿ ಸುಮ್ಮನಾದರೂ ಸುಳ್ಳಾಗುತ್ತಿರಲಿಲ್ಲ. ನಿಂಬೆಗಿಡಕ್ಕೆ ಹಾಕಿ ನೀರು ಹಾಕಿದೆ ಅಂದೆನಲ್ಲ, ಆ ಜಾತಿಯ ಖರೆ.

"ಗಟ್ಟಿ ಐತ್ರಿ," ಅಂದೆ. "ಹೂಳೋಕಿಂತ ಮೊದಲು ಹೆಂಗಿತ್ತೋ ಹಂಗ ಐತಿ. ಒಂದು ನೂಲೂ ಕೊಳೆತಿಲ್ಲ. ಆದ್ರ ಮೆತ್ತಗಿಲ್ಲ, ಬಿರುಸಾಗೈತಿ. ಕುಪ್ಪಸಕ್ಕ ಬರಂಗಿಲ್ಲ. ಹಗ್ಗಕ್ಕ, ಚೀಲಕ್ಕ, ಡೇರೆದ ಬಟ್ಟಿಗೆ ಬರ್ತೈತಿ."

ನೆಗೆಣ್ಣಿ ನೋಟುಪುಸ್ತಕ ತೆಗೆದು, "ಕುಪ್ಪಸಕ್ಕೆ ಬರಲ್ಲ ಅಂದ್ರಲ್ಲ ಅಕ್ಕಾ, ಅದನ್ನ ಇನ್ನೊಂದ್ಸಲ ಹೇಳ್ರಿ," ಎಂದು ಬರೆದುಕೊಂಡಳು. ನನ್ನ ಇನ್ನೊಂದು ಮಾತು ಅವಳ ಪುಸ್ತಕಕ್ಕೆ ಹೋಯಿತು.

ನಾನು "ಖರೇನಾ?" ಬರುವುದನ್ನು ಕಾಯುತ್ತ ನಿಂತೆ. ಬಂತು. ಆದರೆ ನನ್ನ ಕಡೆಗಲ್ಲ.

"ತಂಗಿ," ಎಂದು ಮಾವನವರು ನೆಗೆಣ್ಣಿಯ ಕಡೆ ತಿರುಗಿದರು. "ನಿನ್ನ ಅಕ್ಕ ಹೇಳಿದ್ದು ಖರೇನಾ?"

ಅವಳು ಏನು ಬೇಕಾದರೂ ಅನ್ನಬಹುದಿತ್ತು. ಬಿರುಸು ಅನ್ನುವುದು ಅವಳ ಕೆಲಸಕ್ಕೆ ನಾನು ಹಚ್ಚಿದ ಕುಂದು, ಇಲ್ಲ ಅನ್ನಬಹುದಿತ್ತು. ಅವಳ ಒಂದೂವರೆ ತಿಂಗಳನ್ನು ಹಾಳು ಮಾಡಿದವಳು ನಾನು. ಪಟ್ಟಿಯನ್ನು ನನ್ನ ಕೈಯಿಂದ ತಗೊಂಡು ಕೆನ್ನೆಗೆ ಉಜ್ಜಿ ನೋಡಿದಳು.

"ಖರೆ ಮಾವಾರೆ. ಬಿರುಸಾಗೈತೆ. ನಾನು ಅದನ್ನ ನೋಡೇ ಇರ್ಲಿಲ್ಲ. ಅಕ್ಕ ಹೇಳಿದ್ದೆಲ್ಲಾ ಖರೆ."

ಎಷ್ಟು ಸಲೀಸಾಗಿ ಅಂದಳು! ನಾನು ಒಂದೂವರೆ ತಿಂಗಳು ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು ನೀರು ಹೊತ್ತು ಕಲಿತದ್ದು ಅವಳಿಗೆ ಹುಟ್ಟಿನಿಂದಲೇ ಬಂದಂತಿತ್ತು. ಅದಕ್ಕೂ ನನಗೆ ಉರಿಯಿತು.

ಆ ಸಂಜೆ ಮಾವನವರು ಪೊಟ್ಟಣ ಬಿಚ್ಚಿದರು. ನಾನು ಎಳೆದು ಹೇಳಿದೆ, ಅವರು ಏನೂ ಕೇಳದೆ ಮುಂದಿನ ಪೊಟ್ಟಣಕ್ಕೆ ಕೈ ಹಾಕಿದರು. ಅವರು ನಂಬಿದ್ದು ನನ್ನ ಬೆರಳನ್ನೋ, ನೆಗೆಣ್ಣಿಯ ಮಾತನ್ನೋ ನನಗೆ ತಿಳಿಯಲಿಲ್ಲ. ಎರಡನೆಯ ಪೊಟ್ಟಣದ ಅರಳೆಯನ್ನು ಬೇಕಾದದ್ದಕ್ಕಿಂತ ಒಂದು ಸಲ ಹೆಚ್ಚಿಗೆ ಎಳೆದು ನೋಡಿ, ಆಮೇಲೆ ಬಾಯಿ ಬಿಟ್ಟೆ.